ಮರೆತುಹೋದ ಒಂದು ಸ್ವಿಚ್ಚು: ಕಾಸ್ ಹೆಡ್‌ಫೋನ್ ಕಂಪನಿಯ ಕಥೆ

ನಮ್ಮ ದೇವಸ್ಥಾನಗಳಿಗೆ ಇರುವಂತೆ ಕಂಪನಿಗಳಿಗೂ ಸ್ಥಳಪುರಾಣಗಳಿವೆ. ಯಾರೋ ಇಬ್ಬರು ಗೆಳೆಯರು, ಒಂದು ಗ್ಯಾರೇಜು, ಸಾಲ ತಂದ ಪುಡಿಗಾಸು, ಆಮೇಲೆ ಲೋಕವಿಖ್ಯಾತಿ. ಉದ್ದಿಮೆಗಳ ಚರಿತ್ರೆ ಓದುವ ಸಂಶೋಧನಾ ವಿದ್ಯಾರ್ಥಿಯಾದ ನನಗೆ ಇಂಥ ಕಥೆಗಳು ದಿನವೂ ಎದುರಾಗುತ್ತವೆ. ಅವುಗಳನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ. ಆದರೆ ಹೆಚ್ಚಿನವು ಸುಳ್ಳಲ್ಲ. ಅವು ಒಂದು ಸಂಗತಿಯನ್ನು ದೀಪದ ಬೆಳಕಿಗೆ ತಂದು ಇನ್ನೊಂದನ್ನು ಕತ್ತಲೆಯ ಮೂಲೆಗೆ ಸರಿಸಿರುತ್ತವೆ. ಮೂಲೆಗೆ ಸರಿದದ್ದು ಯಾವುದು ಎಂದು ಹುಡುಕುವುದೇ ಚರಿತ್ರೆಯ ವಿದ್ಯಾರ್ಥಿಯ ಕೆಲಸ ಎಂದು ನಾನು ತಿಳಿದಿದ್ದೇನೆ. ಹೆಡ್‌ಫೋನ್ ಕಂಪನಿಯೊಂದರ ಸ್ಥಳಪುರಾಣವನ್ನು ಇಲ್ಲಿ ಹಾಗೆ ಓದಿ ನೋಡುತ್ತೇನೆ.

ಕಂಪನಿಯ ಹೆಸರು ಕಾಸ್. ಕನ್ನಡದ ಕಿವಿಗೆ ಇದು ‘ಕಾಸು’ ಎಂದೇ ಕೇಳಿಸುತ್ತದೆ. ಮುಂದೆ ಹೇಳಲಿರುವ ಕಥೆಗೆ ಅದು ತೀರಾ ಅಸಂಗತವೂ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರ ಇದರ ಹುಟ್ಟೂರು. ಮಿಶಿಗನ್ ಸರೋವರದ ದಂಡೆಯ ಈ ಊರು ಬಿಯರಿಗೆ, ಜರ್ಮನಿಯಿಂದ ಬಂದು ನೆಲೆಸಿದ ಕುಟುಂಬಗಳಿಗೆ ಮತ್ತು ಯಂತ್ರಗಳ ಕಾರ್ಖಾನೆಗಳಿಗೆ ಹೆಸರಾದದ್ದು. ಇಲ್ಲಿ 1930ರಲ್ಲಿ ಹುಟ್ಟಿದ ಜಾನ್ ಸಿ. ಕಾಸ್ ಜಾಝ್ ಸಂಗೀತದ ಹುಚ್ಚಿದ್ದ, ಟ್ರಂಪೆಟ್ ನುಡಿಸಬಲ್ಲ ತರುಣ. ಮದುವೆಯಾದಾಗ ಸೋಫಾ ಕೊಳ್ಳಲೆಂದು ಉಡುಗೊರೆಯಾಗಿ ಬಂದ ಹಣ ಕೈಯಲ್ಲಿತ್ತು. ಆ ಹಣದಲ್ಲಿ ಅವರು ಸೋಫಾ ತರಲಿಲ್ಲ. 1953ರಲ್ಲಿ ಟೆಲಿವಿಷನ್ ಸೆಟ್‌ಗಳನ್ನು ಕೊಂಡು ಆಸ್ಪತ್ರೆಯ ರೋಗಿಗಳಿಗೆ ಬಾಡಿಗೆಗೆ ಕೊಡುವ ವ್ಯಾಪಾರ ಶುರುಮಾಡಿದರು.

ಕಂಪನಿ ತನ್ನ ಬಗ್ಗೆ ಹೇಳಿಕೊಳ್ಳುವಾಗಲೆಲ್ಲ ಈ ಸೋಫಾ ತಪ್ಪದೆ ಬರುತ್ತದೆ. ಹೊಸ ಸಂಸಾರದ ಸುಖವನ್ನು ಮುಂದಕ್ಕೆ ಹಾಕಿ ಸಾಹಸಕ್ಕಿಳಿದ ಗಂಡ, ಸುಮ್ಮನೆ ಒಪ್ಪಿಕೊಂಡ ಹೆಂಡತಿ, ಕೊನೆಗೆ ಫಲ. ಪುರಾಣಕ್ಕೆ ಬೇಕಾದದ್ದೆಲ್ಲ ಇದರಲ್ಲಿದೆ. ಆದರೆ ನನ್ನ ಗಮನ ಸೋಫಾಕ್ಕಿಂತ ಆಸ್ಪತ್ರೆಯ ಮೇಲೆ ನಿಲ್ಲುತ್ತದೆ. ಆಸ್ಪತ್ರೆ ಎಂದರೆ ಪರಸ್ಪರ ಪರಿಚಯವಿಲ್ಲದ ಜನ ಒಂದೇ ಸೂರಿನಡಿ ಮಲಗುವ ಜಾಗ. ಒಬ್ಬನಿಗೆ ಹೊತ್ತು ಹೋಗಬೇಕು, ಪಕ್ಕದವನಿಗೆ ನಿದ್ದೆ ಬರಬೇಕು. ಒಬ್ಬನ ಮನರಂಜನೆ ಇನ್ನೊಬ್ಬನಿಗೆ ಹಿಂಸೆಯಾಗದಂತೆ ನೋಡಿಕೊಳ್ಳುವುದು ಇಂಥ ವ್ಯಾಪಾರದವನಿಗೆ ದಿನದಿನದ ಪ್ರಶ್ನೆ. ಐದು ವರ್ಷದ ನಂತರ ಕಾಸ್ ಅವರು ತಯಾರಿಸಿದ ಯಂತ್ರದಲ್ಲಿ ಈ ಪ್ರಶ್ನೆಯ ಗುರುತು ಇದೆ ಎಂದು ನನಗೆ ತೋರುತ್ತದೆ.

ಆ ಯಂತ್ರ ಹೆಡ್‌ಫೋನ್ ಅಲ್ಲ. ಒಂದು ರೆಕಾರ್ಡ್ ಪ್ಲೇಯರ್. 1958ರ ಹೊತ್ತಿಗೆ ಅಮೆರಿಕದ ಅಂಗಡಿಗಳಿಗೆ ಸ್ಟೀರಿಯೊ ರೆಕಾರ್ಡುಗಳು ಹೊಸದಾಗಿ ಬಂದಿದ್ದವು. ಅಲ್ಲಿಯವರೆಗೆ ಒಂದೇ ದಾರಿಯಿಂದ ಬರುತ್ತಿದ್ದ ಸಂಗೀತ ಈಗ ಎಡ ಬಲ ಎಂದು ಬೇರ್ಪಟ್ಟು ಎರಡು ಸ್ಪೀಕರುಗಳಿಂದ ಹೊಮ್ಮತೊಡಗಿತ್ತು. ಕಾಸ್ ಮತ್ತು ಅವರ ಎಂಜಿನಿಯರ್ ಗೆಳೆಯ ಮಾರ್ಟಿನ್ ಲ್ಯಾಂಗ್ ಜೂನಿಯರ್ ಸೇರಿ ಎತ್ತಿಕೊಂಡು ಹೋಗಬಹುದಾದ ಒಂದು ಸ್ಟೀರಿಯೊ ಪ್ಲೇಯರನ್ನು ರೂಪಿಸಿದರು. ಅದರಲ್ಲಿ ಒಂದು ವಿಶೇಷವಿತ್ತು. ಸ್ಪೀಕರುಗಳ ಸದ್ದನ್ನು ಅಡಗಿಸಿ ಒಬ್ಬರೇ ಕೇಳಿಕೊಳ್ಳಲು ಅನುವು ಮಾಡಿಕೊಡುವ ಒಂದು ಸ್ವಿಚ್ಚನ್ನು ಅದಕ್ಕೆ ಇಟ್ಟಿದ್ದರು. ಏಕಾಂತದ ಸ್ವಿಚ್ಚು ಎಂದು ಅದನ್ನು ಕರೆಯಬಹುದು.

ಸ್ವಿಚ್ಚು ಒತ್ತಿದ ಮೇಲೆ ಕೇಳುವುದಕ್ಕೆ ಕಿವಿಗೆ ಏನಾದರೂ ಬೇಕಲ್ಲ? ಅದಕ್ಕಾಗಿ ಒಂದು ಜೊತೆ ಹೆಡ್‌ಫೋನ್ ಜೋಡಿಸಿದರು. ಸುಮಾರು ಮೂರು ಇಂಚಿನ ಪುಟ್ಟ ಸ್ಪೀಕರುಗಳು, ಅವನ್ನು ಕೂರಿಸಲು ಎರಡು ಬಟ್ಟಲು, ವಿಮಾನ ನಡೆಸುವವರ ಹೆಡ್‌ಫೋನಿನಿಂದ ಬಿಚ್ಚಿದ ಮೆತ್ತೆ: ಮೊದಲ ಮಾದರಿ ಹೀಗೆ ಕೈಗೆ ಸಿಕ್ಕಿದ್ದರಿಂದ ಆಯಿತು ಎನ್ನುವುದು ಕಂಪನಿಯ ಕಥೆ. ಅದೇ ವರ್ಷ ಮಿಲ್ವಾಕೀಯಲ್ಲಿ ನಡೆದ ಧ್ವನಿ ಉಪಕರಣಗಳ ಪ್ರದರ್ಶನಕ್ಕೆ ಇಬ್ಬರೂ ತಮ್ಮ ಪ್ಲೇಯರನ್ನು ಹೊತ್ತುಕೊಂಡು ಹೋದರು. ಬಂದವರು ಪ್ಲೇಯರಿನ ಬಗ್ಗೆ ಹೆಚ್ಚೇನೂ ಕೇಳಲಿಲ್ಲ. ಹೆಡ್‌ಫೋನ್ ತಲೆಗೇರಿಸಿ ನಿಂತವರು ಮಾತ್ರ ಅದನ್ನು ಇಳಿಸಲೊಲ್ಲದೆ ನಿಂತರು. ಪ್ಲೇಯರನ್ನು ತೋರಿಸಲು ತಂದಿದ್ದ ಪರಿಕರವೇ ಸರಕಾಯಿತು. ಮದುವೆ ಮನೆಯಲ್ಲಿ ಮದುಮಗನನ್ನು ಬಿಟ್ಟು ಓಲಗದವರ ಸುತ್ತ ಜನ ನೆರೆದಂತೆ! ಎಸ್‌ಪಿ/3 ಎಂಬ ಹೆಸರಿನಲ್ಲಿ ಆ ಹೆಡ್‌ಫೋನ್ ಮಾರಾಟಕ್ಕೆ ಬಂತು. ಪ್ಲೇಯರ್ ಹಿಂದೆ ಸರಿಯಿತು, ಅದರ ಜೊತೆಗೆ ಸ್ವಿಚ್ಚೂ.

*

ಕಾಸ್ ಅವರನ್ನು ಹೆಡ್‌ಫೋನಿನ ಜನಕ ಎಂದು ಕೆಲವರು ಬರೆಯುವುದುಂಟು. ಇದನ್ನು ಸ್ವಲ್ಪ ತಿದ್ದಬೇಕು. ಕಿವಿಗೆ ಯಂತ್ರ ಹಚ್ಚಿಕೊಳ್ಳುವುದು ಅವರಿಗಿಂತ ಬಹಳ ಹಳೆಯದು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೆಮಾಂ ಅದೇರ್ ಎಂಬ ಎಂಜಿನಿಯರ್ ರಂಗಮಂದಿರದ ಸಂಗೀತವನ್ನು ಟೆಲಿಫೋನ್ ತಂತಿಯ ಮೂಲಕ ದೂರದ ಕೋಣೆಗೆ ಹರಿಸಿ ತೋರಿಸಿದ್ದರು. ಎರಡು ಕಿವಿಗೆ ಎರಡು ತಂತಿ, ಅಂದರೆ ಸ್ಟೀರಿಯೊದ ಮೊದಲ ಅನುಭವವೂ ಅದೇ. ಮುಂದೆ ‘ಥಿಯೇಟ್ರೋಫೋನ್’ ಎಂಬ ಹೆಸರಿನಲ್ಲಿ ಚಂದಾದಾರರ ಮನೆಗೆ ಸಂಗೀತ ನಾಟಕಗಳನ್ನು ತಲುಪಿಸುವ ಸೇವೆ ಬಂತು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ 1911ರಲ್ಲಿ ಅದಕ್ಕೆ ಚಂದಾದಾರನಾಗಿ ಮನೆಯಲ್ಲಿ ಕುಳಿತೇ ಆಪೆರಾ ಕೇಳಿದ್ದ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿವರ ಖುಷಿ ಕೊಡಬಹುದು.

ಆದರೆ ಅದು ಸಿರಿವಂತರ ಶೋಕಿ. ಆ ಕಾಲಕ್ಕೆ ತಲೆಗೆ ಕಿವಿಯಂತ್ರ ಕಟ್ಟಿಕೊಂಡವರಲ್ಲಿ ಹೆಚ್ಚಿನವರು ಕೆಲಸಗಾರರು: ಟೆಲಿಫೋನ್ ವಿನಿಮಯ ಕೇಂದ್ರದ ಹೆಣ್ಣುಮಕ್ಕಳು, ಹಡಗಿನ ವೈರ್‌ಲೆಸ್ ಆಪರೇಟರುಗಳು. 1910ರಲ್ಲಿ ಅಮೆರಿಕದ ನೌಕಾಪಡೆಗೆ ಯೂಟಾ ರಾಜ್ಯದಿಂದ ಒಂದು ಪತ್ರ ಬಂತು. ಬರೆದವರು ನಥಾನಿಯಲ್ ಬಾಲ್ಡ್‌ವಿನ್. ತಾವು ತಯಾರಿಸಿದ ಹೆಡ್‌ಫೋನನ್ನು ಪರೀಕ್ಷಿಸಿ ನೋಡಿ ಎನ್ನುವುದು ಕೋರಿಕೆ. ನೌಕಾಪಡೆ ಪರೀಕ್ಷಿಸಿತು, ತನ್ನಲ್ಲಿದ್ದ ಸಾಧನಗಳಿಗಿಂತ ಇದು ಎಷ್ಟೋ ಉತ್ತಮ ಎಂದು ಕಂಡುಕೊಂಡು ದೊಡ್ಡ ಬೇಡಿಕೆ ಸಲ್ಲಿಸಿತು. ಬಾಲ್ಡ್‌ವಿನ್ ಉತ್ತರ ಬರೆದರು: ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಕೊಡಲಾಗದು. ಏಕೆಂದರೆ ಅವರ ಕಾರ್ಖಾನೆ ಇದ್ದದ್ದು ಅವರ ಮನೆಯ ಅಡುಗೆಕೋಣೆಯಲ್ಲಿ.

ಮಹಾಯುದ್ಧ ಬಂತು, ಆಮೇಲೆ ರೇಡಿಯೊ ಬಂತು. ಬಾಲ್ಡ್‌ವಿನ್ ಕಾರ್ಖಾನೆ ಬೆಳೆಯಿತು, ಹಣ ಹರಿಯಿತು. ತಲೆಪಟ್ಟಿಯ ವಿನ್ಯಾಸಕ್ಕೆ ಪೇಟೆಂಟ್ ಪಡೆಯಬೇಕಾದಷ್ಟು ದೊಡ್ಡದೇನೂ ಅದರಲ್ಲಿಲ್ಲ ಎಂದು ಅವರು ಸುಮ್ಮನಿದ್ದರು. ಗಳಿಸಿದ್ದನ್ನು ತಮ್ಮ ಧಾರ್ಮಿಕ ಪಂಥದವರ ಯೋಜನೆಗಳಿಗೆ ಸುರಿದರು. 1920ರ ದಶಕದ ಮಧ್ಯಭಾಗದಲ್ಲಿ ಕಂಪನಿ ದಿವಾಳಿಯೆದ್ದಿತು. ಸಂಸ್ಥಾಪಕರು ಜೈಲನ್ನೂ ಕಂಡರು. ಇಂದು ಹೆಡ್‌ಫೋನ್ ಅಂಗಡಿಯಲ್ಲಿ ಬಾಲ್ಡ್‌ವಿನ್ ಎಂಬ ಹೆಸರು ಕೇಳಿದರೆ ಯಾರೂ ತಲೆಯೆತ್ತಿ ನೋಡರು. ಜರ್ಮನಿಯಲ್ಲಿ ಓಯ್ಗೆನ್ ಬೇಯರ್ ಅವರ ಕಂಪನಿ 1937ರಲ್ಲೇ ಡಿಟಿ 48 ಎಂಬ ಉತ್ತಮ ಹೆಡ್‌ಫೋನ್ ತಯಾರಿಸಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ಹಾಗಾದರೆ ಕಾಸ್ ಮಾಡಿದ್ದೇನು? ಕೆಲಸದ ಸಲಕರಣೆಯನ್ನು ಸುಖದ ವಸ್ತುವಾಗಿಸಿದ್ದು. ಸಂದೇಶ ಹಿಡಿಯುವುದಕ್ಕೆಂದು ಇದ್ದದ್ದನ್ನು ಸ್ಟೀರಿಯೊ ಸಂಗೀತ ಕೇಳಲೆಂದೇ ರೂಪಿಸಿ, ಮನೆಯ ಪಡಸಾಲೆಯಲ್ಲಿ ಕುಳಿತ ಸಾಮಾನ್ಯ ಗಿರಾಕಿಗೆ ಮಾರಿದ್ದು. ಇದು ವಸ್ತುವಿನ ಆವಿಷ್ಕಾರವಲ್ಲ, ಕೇಳುಗನ ಆವಿಷ್ಕಾರ. ಚರಿತ್ರೆಯಲ್ಲಿ ಎರಡನೆಯದಕ್ಕೆ ಮೊದಲನೆಯದಕ್ಕಿಂತ ಕಡಿಮೆ ಬೆಲೆ ಎಂದು ನಾನು ಭಾವಿಸುವುದಿಲ್ಲ.

ಹೊಸ ಕೇಳುಗನನ್ನು ಕಂಡುಕೊಂಡರೆ ಸಾಲದು, ಅವನಿಗೆ ದಾರಿಯನ್ನೂ ಮಾಡಿಕೊಡಬೇಕು. ಆಗಿನ ಮನೆಗಳಲ್ಲಿದ್ದ ಸಂಗೀತದ ಉಪಕರಣಗಳಿಗೆ ಹೆಡ್‌ಫೋನ್ ಸಿಕ್ಕಿಸುವ ತೂತೇ ಇರುತ್ತಿರಲಿಲ್ಲ. ಸ್ಪೀಕರಿನ ತಂತಿಗಳಿಗೆ ಒಂದು ಪುಟ್ಟ ಪೆಟ್ಟಿಗೆ ಜೋಡಿಸಿ ಅಲ್ಲಿಂದ ಸಂಪರ್ಕ ಪಡೆಯಬೇಕಿತ್ತು. ಬೇರೆ ಕಂಪನಿಗಳು ತಮ್ಮ ಉಪಕರಣಗಳಲ್ಲಿ ಹೆಡ್‌ಫೋನಿಗೆ ಜಾಗ ಕೊಡಲು ಒಪ್ಪಿದ ಮೇಲೆಯೇ ಈ ವ್ಯಾಪಾರ ಗಟ್ಟಿಯಾದದ್ದು. ಇಂದು ನಾವು ಕಣ್ಣೆತ್ತಿಯೂ ನೋಡದ ಆ ಸಣ್ಣ ತೂತಿನ ಹಿಂದೆ ಹೀಗೊಂದು ಕಾಲ ಇತ್ತು.

1960ರ ದಶಕ ಕಾಸ್ ಕಂಪನಿಗೆ ಏರುಗಾಲ. ಬೀಟಲ್ಸ್ ತಂಡದ ಅಬ್ಬರದ ದಿನಗಳಲ್ಲಿ ಅವರ ಚಿತ್ರವಿರುವ ಹೆಡ್‌ಫೋನುಗಳನ್ನೂ ಮಾರಿತು. 1968ರಲ್ಲಿ ಸ್ಥಿರವಿದ್ಯುತ್ತಿನ ತತ್ತ್ವದ ಮೇಲೆ ಕೆಲಸ ಮಾಡುವ ಇಎಸ್‌ಪಿ/6 ಬಂತು. 1970ರಲ್ಲಿ ಬಂದ ಪ್ರೊ 4ಎಎ ಸ್ಟುಡಿಯೊಗಳಲ್ಲಿ, ರೇಡಿಯೊ ಕೇಂದ್ರಗಳಲ್ಲಿ ದಶಕಗಳ ಕಾಲ ನೆಲೆ ನಿಂತಿತು. ಅರ್ಧ ಕಿಲೋ ಆಸುಪಾಸಿನ ತೂಕ, ಕಿವಿಯನ್ನು ಪೂರ್ತಿ ಮುಚ್ಚುವ ದಪ್ಪ ಮೆತ್ತೆ, ಸುರುಳಿ ಸುತ್ತಿದ ತಂತಿ. ಅದನ್ನು ಹಾಕಿಕೊಂಡವನು ಅಲ್ಲಾಡದೆ ಕೂರಬೇಕು. ಕಂಪನಿಯ ಮನಸ್ಸಿನಲ್ಲಿದ್ದ ಕೇಳುಗನ ಚಿತ್ರವೂ ಅದೇ: ಆರಾಮಕುರ್ಚಿಯಲ್ಲಿ ಕಣ್ಣುಮುಚ್ಚಿ ಕುಳಿತು, ಸಂಗೀತ ಮಂದಿರದ ಮುಂದಿನ ಸಾಲಿನಲ್ಲಿದ್ದೇನೆ ಎಂದುಕೊಳ್ಳುವವನು. ಕಾಸ್ ಮಾರುತ್ತಿದ್ದದ್ದು ಧ್ವನಿಯ ಶ್ರೀಮಂತಿಕೆಯನ್ನು. ಪ್ರದರ್ಶನದಲ್ಲಿ ಜನ ಮೆಚ್ಚಿದ್ದೂ ಅದನ್ನೇ ಅಲ್ಲವೇ?

*

ಈಗ ಕಥೆ ಜಪಾನಿಗೆ ಹೊರಳುತ್ತದೆ. 1979ರ ಜುಲೈ 1ರಂದು ಸೋನಿ ಕಂಪನಿ ಟೋಕಿಯೊದಲ್ಲಿ ವಾಕ್‌ಮನ್ ಎಂಬ ಪುಟ್ಟ ಕ್ಯಾಸೆಟ್ ಪ್ಲೇಯರನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಸ್ಪೀಕರ್ ಇರಲಿಲ್ಲ, ರೆಕಾರ್ಡ್ ಮಾಡುವ ಸೌಕರ್ಯವೂ ಇರಲಿಲ್ಲ. ಜೊತೆಗಿದ್ದ ಹೆಡ್‌ಫೋನಿನ ತೂಕ 50 ಗ್ರಾಮಿಗಿಂತಲೂ ಕಡಿಮೆ. ಸೋನಿಯ ಮುಖ್ಯಸ್ಥ ಅಕಿಯೋ ಮೊರಿಟಾ ಅವರಿಗೆ ಒಂದು ಅಳುಕಿತ್ತು. ಜೊತೆಯಲ್ಲಿ ಒಬ್ಬರಿರುವಾಗ ಇನ್ನೊಬ್ಬರು ತಮ್ಮಷ್ಟಕ್ಕೆ ಹಾಡು ಕೇಳುತ್ತಾ ಕೂರುವುದು ಅಸಭ್ಯವಾದೀತು ಎಂಬ ಅಳುಕು. ಆದ್ದರಿಂದ ಮೊದಲ ವಾಕ್‌ಮನ್ನಿಗೆ ಎರಡು ಹೆಡ್‌ಫೋನ್ ತೂತುಗಳನ್ನು ಇಡಿಸಿದರು. ಹಾಡಿನ ನಡುವೆ ಇಬ್ಬರೂ ಮಾತಾಡಿಕೊಳ್ಳಲು ಒಂದು ಗುಂಡಿ ಕೂಡ ಇತ್ತು. ಜನ ಆ ಎರಡನೆಯ ತೂತನ್ನು ಬಯಸಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಬ್ಬರೇ ಕೇಳುವುದು, ನಡೆಯುತ್ತಾ ಕೇಳುವುದು. ಮುಂದಿನ ಮಾದರಿಗಳಲ್ಲಿ ಎರಡನೆಯ ತೂತು ಮಾಯವಾಯಿತು.

ಈ ಸಂಗತಿಯನ್ನು 1958ರ ಮಿಲ್ವಾಕೀಯ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಅಚ್ಚರಿಯಾಯಿತು. ಎತ್ತಿಕೊಂಡು ಹೋಗಬಹುದಾದ ಪ್ಲೇಯರ್, ಅದಕ್ಕೊಂದು ಹೆಡ್‌ಫೋನ್, ಒಬ್ಬರೇ ಕೇಳುವ ಅವಕಾಶ. ಸೋನಿ ಮಾರಿದ ಮೂರೂ ಸಂಗತಿಗಳು ಇಪ್ಪತ್ತೊಂದು ವರ್ಷ ಮೊದಲು ಕಾಸ್ ಅವರ ಮೇಜಿನ ಮೇಲಿದ್ದವು. ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದೆರಡನ್ನು ಕಂಪನಿ ಕೈಬಿಟ್ಟಿತು.

ಇಲ್ಲಿ ಒಂದು ಎಚ್ಚರ ಬೇಕು. ಕೊನೆ ಗೊತ್ತಿರುವವರು ಮೊದಲಿನವರನ್ನು ದಡ್ಡರೆನ್ನುವುದು ಚರಿತ್ರೆಯ ಬರವಣಿಗೆಯಲ್ಲಿ ಬಹಳ ಹಳೆಯ ದೋಷ. 1958ರ ಪ್ಲೇಯರಿನಲ್ಲಿ ತಿರುಗುತ್ತಿದ್ದದ್ದು ರೆಕಾರ್ಡಿನ ತಟ್ಟೆ. ಅದನ್ನು ಕೈಯಲ್ಲಿ ಹಿಡಿದು ನಡೆದರೆ ಮುಳ್ಳು ಜಾರುತ್ತದೆ. ಫಿಲಿಪ್ಸ್ ಕಂಪನಿ ಸಣ್ಣ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಕಿಸೆಗೆ ಹಿಡಿಸುವ ಮೋಟರು, ಹಗುರವಾದ ಆಯಸ್ಕಾಂತ ಎಲ್ಲ ಬರಲು ಇನ್ನೂ ಕಾಲವಿತ್ತು. ಹಾಗಾಗಿ ಕಾಸ್ ವಾಕ್‌ಮನ್ ಮಾಡಬಹುದಿತ್ತು ಎಂದು ನಾನು ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ಬೇರೆ. ಪ್ರದರ್ಶನಕ್ಕೆ ಬಂದವರು ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ಬೆರಗಾದರು. ಕಂಪನಿ ಆ ಬೆರಗನ್ನೇ ತನ್ನ ಗುರುತಾಗಿ ಹಿಡಿಯಿತು. ಯಾರಿಗೂ ತೊಂದರೆಯಾಗದಂತೆ ಕೇಳಬಹುದು ಎಂಬುದಕ್ಕೆ ಅಂದು ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರದರ್ಶನದಲ್ಲಿ ಹೆಡ್‌ಫೋನ್ ಹಾಕಿ ನಿಂತವನಿಗೆ ಪಕ್ಕದ ಹಾಸಿಗೆಯ ನೆನಪು ಬರುವುದಾದರೂ ಹೇಗೆ? ಸ್ವಿಚ್ಚಿನ ಬೆಲೆ ಗೊತ್ತಾಗುವುದು ಆಸ್ಪತ್ರೆಯಲ್ಲಿ, ಹಾಸ್ಟೆಲಿನಲ್ಲಿ, ರೈಲಿನಲ್ಲಿ. ಮೊದಲ ಗಿರಾಕಿಗಳ ಮೆಚ್ಚುಗೆಯೇ ಕೆಲವೊಮ್ಮೆ ಕಂಪನಿಯ ದೃಷ್ಟಿಯನ್ನು ಕಿರಿದಾಗಿಸುತ್ತದೆ.

ವಾಕ್‌ಮನ್ ಬಂದ ಮೇಲೆ ಹೆಡ್‌ಫೋನಿನ ಲೆಕ್ಕವೇ ಬದಲಾಯಿತು. ಅದು ಈಗ ಪ್ಲೇಯರಿನ ಡಬ್ಬಿಯಲ್ಲೇ ಬರುವ ವಸ್ತು. ಕಾಸ್ ಬೇರೆ ಬೇರೆ ಉಪಕರಣಗಳಿಗೆ ಕೈಹಾಕಿತು, ಸಾಲ ಬೆಳೆಯಿತು, 1984ರಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಿ ನ್ಯಾಯಾಲಯದ ಬಾಗಿಲಿಗೆ ಹೋಯಿತು. ಅದೇ ವರ್ಷ ಪೋರ್ಟಾ ಪ್ರೊ ಎಂಬ ಹಗುರವಾದ, ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದಾದ ಹೆಡ್‌ಫೋನನ್ನೂ ಹೊರತಂದಿತು. ನಡೆಯುವ ಕೇಳುಗನನ್ನು ಅದು ಕೊನೆಗೂ ಒಪ್ಪಿಕೊಂಡಿತ್ತು. ಮುಂದಿನ ವರ್ಷ ಕಂಪನಿ ದಿವಾಳಿಯಿಂದ ಹೊರಬಂತು. ಪೋರ್ಟಾ ಪ್ರೊ ನಲವತ್ತು ವರ್ಷ ಕಳೆದರೂ ಹೆಚ್ಚು ಕಡಿಮೆ ಅದೇ ರೂಪದಲ್ಲಿ ಮಾರಾಟದಲ್ಲಿದೆ. ಹೊಸತು ಬಂದ ಕೂಡಲೇ ಹಳತನ್ನು ಎಸೆಯುವ ಈ ವ್ಯಾಪಾರದಲ್ಲಿ ಇದು ಅಪರೂಪ.

*

1991ರಲ್ಲಿ ಮಗ ಮೈಕೆಲ್ ಕಾಸ್ ಕಂಪನಿಯ ಮುಖ್ಯ ಅಧಿಕಾರಿಯಾದರು. ಮನೆಯವರೇ ನಡೆಸುವ ಸಣ್ಣ ಕಂಪನಿ, ಹಳೆಯ ನೌಕರರು, ಒಬ್ಬರ ಮೇಲೊಬ್ಬರಿಗೆ ಭರವಸೆ. ಈ ಭರವಸೆಯೇ ಮುಳುವಾಯಿತು. 2009ರ ಡಿಸೆಂಬರಿನಲ್ಲಿ ಕಂಪನಿಯ ಹಣಕಾಸು ಉಪಾಧ್ಯಕ್ಷೆ ವರ್ಷಗಳಿಂದ ಕಂಪನಿಯ ಖಾತೆಯಿಂದ ತಮ್ಮ ಖರೀದಿಗಳ ಬಿಲ್ಲು ತೀರಿಸುತ್ತಿದ್ದದ್ದು ಬಯಲಾಯಿತು. ಮೊತ್ತ ಸುಮಾರು 3.4 ಕೋಟಿ ಡಾಲರ್. ಹೆಚ್ಚು ಕಡಿಮೆ ಕಂಪನಿಯ ಒಂದು ವರ್ಷದ ಮಾರಾಟದಷ್ಟು. ಹಿಡಿದುಕೊಟ್ಟದ್ದು ಕಂಪನಿಯ ಲೆಕ್ಕಪತ್ರವಲ್ಲ, ಲೆಕ್ಕಪರಿಶೋಧಕರೂ ಅಲ್ಲ, ಅನುಮಾನಗೊಂಡ ಕ್ರೆಡಿಟ್ ಕಾರ್ಡ್ ಸಂಸ್ಥೆ. 2010ರಲ್ಲಿ ಆಕೆಗೆ 11 ವರ್ಷಗಳ ಶಿಕ್ಷೆಯಾಯಿತು. ಸಣ್ಣ ಸದ್ದನ್ನೂ ಬಿಡದೆ ಕಿವಿಗೆ ತಲುಪಿಸುವುದೇ ಕಸುಬಾಗಿದ್ದ ಕಂಪನಿಗೆ ತನ್ನ ಮನೆಯೊಳಗಿನ ಸದ್ದು ಕೇಳಿಸಿರಲಿಲ್ಲ.

ಆಮೇಲಿನ ಘಟನೆಗಳು ಇನ್ನೂ ವಿಚಿತ್ರ. 2021ರ ಜನವರಿಯಲ್ಲಿ ಅಮೆರಿಕದ ಸಣ್ಣ ಹೂಡಿಕೆದಾರರು ಒಟ್ಟುಗೂಡಿ ಕೆಲವು ಕಂಪನಿಗಳ ಷೇರುಗಳನ್ನು ಮುಗಿಬಿದ್ದು ಕೊಂಡರು. ಆ ಅಲೆಯಲ್ಲಿ ಕಾಸ್ ಕೂಡ ಸಿಕ್ಕಿತು. 3 ಡಾಲರಿನ ಆಸುಪಾಸಿನಲ್ಲಿದ್ದ ಷೇರು ಕೆಲವೇ ದಿನಗಳಲ್ಲಿ 100 ಡಾಲರ್ ದಾಟಿತು. ಆ ದಿನಗಳಲ್ಲಿ ಹೆಡ್‌ಫೋನಿನಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಕುಟುಂಬದವರು ಮತ್ತು ಕಂಪನಿಯ ಹಿರಿಯ ಅಧಿಕಾರಿಗಳು 4.4 ಕೋಟಿ ಡಾಲರಿಗೂ ಹೆಚ್ಚು ಬೆಲೆಯ ಷೇರುಗಳನ್ನು ಮಾರಿಕೊಂಡರು. ಆಗ ಕಂಪನಿಯ ವರ್ಷದ ಮಾರಾಟ 2 ಕೋಟಿ ಡಾಲರಿಗೂ ಕಡಿಮೆ. ಇನ್ನೊಂದೆಡೆ, ತಂತಿಯಿಲ್ಲದ ಹೆಡ್‌ಫೋನುಗಳಿಗೆ ಸಂಬಂಧಿಸಿದ ತನ್ನ ಪೇಟೆಂಟುಗಳನ್ನು ಉಲ್ಲಂಘಿಸಲಾಗಿದೆ ಎಂದು 2020ರಲ್ಲಿ ಆಪಲ್ ಮತ್ತಿತರ ಕಂಪನಿಗಳ ಮೇಲೆ ಕಾಸ್ ಮೊಕದ್ದಮೆ ಹೂಡಿತ್ತು. 2022ರಲ್ಲಿ ಆಪಲ್ ಜೊತೆ ರಾಜಿಯಾಯಿತು. ಆ ಬೇಸಗೆಯಲ್ಲಿ ಪರವಾನಗಿಯ ಬಾಬ್ತು ಕಾಸ್‌ಗೆ 3.3 ಕೋಟಿ ಡಾಲರ್ ಬಂತು. ಪೇಟೆಂಟ್ ಯಾಕೆ ಎಂದು ಸುಮ್ಮನಿದ್ದ ಬಾಲ್ಡ್‌ವಿನ್ ಅವರನ್ನು ಇಲ್ಲಿ ನೆನೆಯದಿರುವುದು ಕಷ್ಟ. ಒಬ್ಬರು ವಸ್ತುವನ್ನು ಕೊಟ್ಟು ಕಾಗದವನ್ನು ಬಿಟ್ಟರು. ಇನ್ನೊಬ್ಬರಿಗೆ ಒಂದು ಹಂತದಲ್ಲಿ ವಸ್ತುವಿಗಿಂತ ಕಾಗದವೇ ಹೆಚ್ಚು ದುಡಿದುಕೊಟ್ಟಿತು.

ಕಂಪನಿಯ ಬೆಳವಣಿಗೆ ಎಂದು ನಾವು ಯಾವುದನ್ನು ಕರೆಯಬೇಕು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮಾರಾಟವನ್ನು ನೋಡಿದರೆ ಕಾಸ್ 2009ರಲ್ಲಿ ಇದ್ದದ್ದಕ್ಕಿಂತ ಸಣ್ಣದಾಗಿದೆ. ಷೇರುಪೇಟೆಯ ಗ್ರಾಫ್ ನೋಡಿದರೆ ಒಂದು ವಾರ ಆಕಾಶಕ್ಕೇರಿ ಇಳಿದಿದೆ. ಆದರೆ ಸಂಗೀತವನ್ನು ಒಬ್ಬರೇ ಕಿವಿಗೆ ಹಚ್ಚಿಕೊಂಡು ಕೇಳುವ ಅಭ್ಯಾಸವನ್ನು ನೋಡಿದರೆ ಅದು ಮಿಲ್ವಾಕೀಯ ಗಡಿ ದಾಟಿ ಲೋಕವನ್ನೇ ತುಂಬಿದೆ. ಕಂಪನಿ ಸಣ್ಣದಾಗುತ್ತಾ ಹೋದಂತೆ ಅದು ಹುಟ್ಟುಹಾಕಿದ ಅಭ್ಯಾಸ ದೊಡ್ಡದಾಗುತ್ತಾ ಹೋಯಿತು. ಮೂರು ಪೀಳಿಗೆಯ ಲಾಭ ನಷ್ಟದ ತಖ್ತೆಯಲ್ಲಿ ಈ ಎರಡನೆಯದಕ್ಕೆ ಅಂಕಣವೇ ಇಲ್ಲ.

ಆ ಅಭ್ಯಾಸದ ಬಗ್ಗೆ ಈಗ ದೂರುಗಳೇ ಹೆಚ್ಚು. ಹೆಡ್‌ಫೋನ್ ಹಾಕಿಕೊಂಡವರು ಲೋಕಕ್ಕೆ ಕಿವುಡರಾದರು, ಒಂದೇ ಮನೆಯಲ್ಲಿದ್ದೂ ಒಬ್ಬರಿಗೊಬ್ಬರು ದೂರವಾದರು ಎನ್ನುತ್ತೇವೆ. ಮೊರಿಟಾ ಅವರ ಅಳುಕು ಪೂರ್ತಿ ಸುಳ್ಳಾಗಲಿಲ್ಲ. ಆದರೆ ಈ ಕಂಪನಿಯ ಚರಿತ್ರೆಯನ್ನು ಸೋಫಾದಿಂದ ಶುರುಮಾಡದೆ ಆಸ್ಪತ್ರೆಯಿಂದ ಶುರುಮಾಡಿದರೆ ಇನ್ನೊಂದು ಮುಖ ಕಾಣುತ್ತದೆ. ಒಬ್ಬರೇ ಕೇಳುವುದರ ಹಿಂದೆ ಒಂಟಿತನದ ಬಯಕೆ ಮಾತ್ರವಲ್ಲ, ಪಕ್ಕದವರ ನಿದ್ದೆಯ ಬಗೆಗಿನ ಕಾಳಜಿಯೂ ಇತ್ತು. 2021ರ ನವೆಂಬರಿನಲ್ಲಿ ನಮ್ಮ ಕೆಎಸ್‌ಆರ್‌ಟಿಸಿ, ಬಸ್ಸಿನೊಳಗೆ ಮೊಬೈಲ್ ಸ್ಪೀಕರಿನಲ್ಲಿ ಜೋರಾಗಿ ಹಾಡು, ವಿಡಿಯೊ ಹಾಕುವುದನ್ನು ನಿಷೇಧಿಸಿತು. ಇಯರ್‌ಫೋನ್ ಹಾಕಿ ಕೇಳುವವರಿಗೆ ಅಡ್ಡಿಯಿಲ್ಲ. ಮರುತಿಂಗಳು ಮಿಲ್ವಾಕೀಯಲ್ಲಿ ಜಾನ್ ಕಾಸ್ 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಶ್ರದ್ಧಾಂಜಲಿಗಳಲ್ಲಿ ಸೋಫಾ ಇತ್ತು, ಸ್ಟೀರಿಯೊ ಇತ್ತು. ಅವರ ಮೊದಲ ಪ್ಲೇಯರಿನ ಮೇಲಿದ್ದ ಸ್ವಿಚ್ಚು ಮಾಡುತ್ತಿದ್ದ ಕೆಲಸವನ್ನು ಈಗ ನಮ್ಮ ಬಸ್ಸಿನ ಕಂಡಕ್ಟರು ಬಾಯಿಬಿಟ್ಟು ಹೇಳಬೇಕಾಗಿದೆ.